ಗುರುವಾರದ ನೀರು

ಇಜಾಜನ ಕೆಲಸಕ್ಕೆ ಅವನ ಮನೆಯಲ್ಲಿ ಹೆಸರಿರಲಿಲ್ಲ. ಯಾರಾದರೂ ಕೇಳಿದರೆ ಹೆಂಡತಿ ಯಾಸ್ಮಿನ, "ಫೋನಿನ್ಯಾಗ ಏನೇನೋ ಬರೀತಾರ್ರಿ" ಎಂದು ಹೇಳಿ ಮಾತು ಬದಲಿಸುತ್ತಿದ್ದಳು. ಬಿ.ಎ. ಮುಗಿಸಿದ ಮೇಲೆ ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮಾಳಿಗೆಯ ಮೇಲಿನ ಕೋಣೆಯಲ್ಲಿ ಕೂತು ಅವನು ನಡೆಸುತ್ತಿದ್ದುದು ಒಂದು ವೆಬ್‌ಸೈಟು. ಕೃಷ್ಣೆಯ ಕಾಲುವೆಗಳಲ್ಲಿ ಎಲ್ಲಿ ನೀರಿದೆ, ಎಲ್ಲಿ ನಿಂತಿದೆ, ಮುಂದಿನ ಸರದಿ ಯಾರದು ಎಂಬುದಷ್ಟೇ ಅದರ ಸರಕು. ಪುಟದ ಅಂಚಿನಲ್ಲಿ ಬೀಜದ್ದೋ ಪಂಪಿನದ್ದೋ ಜಾಹೀರಾತು. ಮನೆ ನಡೆಯಬೇಕಾದದ್ದು ಅದರಿಂದಲೇ. ಜಾಹೀರಾತು ಬೇಕಾದರೆ ಜನ ಬರಬೇಕು. ಜನ ಬರಬೇಕಾದರೆ, ಅವರು ಗೂಗಲ್‌ನಲ್ಲಿ ಹುಡುಕಿದಾಗ ಇಜಾಜನ ಪುಟ ಎಲ್ಲಕ್ಕಿಂತ ಮೇಲೆ ಕಾಣಬೇಕು.

ಅವನಿಗೆ ಮಾತು ಕಡಿಮೆ. ಈ ದಂಧೆ ಹಿಡಿದದ್ದೂ ಅದಕ್ಕೇ ಇರಬಹುದು. ಬೆಳಿಗ್ಗೆ ಚಹಾ ಆರುತ್ತಿದ್ದಂತೆ ಅವನು ಮೊದಲು ನೋಡುವುದು, ಜನ ಯಾವ ಮಾತು ಹಾಕಿ ಹುಡುಕಿ ತನ್ನಲ್ಲಿಗೆ ಬಂದರು ಎಂಬುದನ್ನು. 'ಮುದ್ದೇಬಿಹಾಳ ಕಾಲುವೆ ನೀರು.' 'ಬಸವನ ಬಾಗೇವಾಡಿ ನೀರು ಬಂದ್ ಯಾವಾಗ.' ನಡುನಡುವೆ ಬೇರೆಯೇ ಥರದವು: 'ಈ ಸಲಾನೂ ನಮಗ ಬರೂದಿಲ್ಲೇನು.' 'ಮ್ಯಾಲಿನವ್ರು ತೂಬು ಮುಚ್ಚಲಿಲ್ಲಂದ್ರ ಯಾರಿಗೆ ಹೇಳಬೇಕು.' ಹೆಸರಿಲ್ಲ, ಮುಖವಿಲ್ಲ. ಯಾರ ಮುಂದೆಯೂ ಬಾಯಿಬಿಡದವರು ಬದುವಿನ ಮೇಲೆ ಕೂತು ಅಂಗೈಯೊಳಗಿನ ಫೋನಿಗೆ ಕೇಳಿದ ಮಾತುಗಳು. ಅವನ್ನು ಓದುವಾಗ ಇಜಾಜನ ಕೈ ತಾನಾಗಿ ನಿಧಾನವಾಗುತ್ತಿತ್ತು. ಮಲಗಿದವರ ಮನೆಯಲ್ಲಿ ನಡೆಯುವವನ ಕಾಲಿನ ಹಾಗೆ.

ದೊಡ್ಡ ಪತ್ರಿಕೆಗಳ ಸೈಟುಗಳನ್ನು ಹಿಂದೆ ಹಾಕಲು ಅವನಿಗಿದ್ದ ದಾರಿ ಒಂದೇ, ಮೊದಲು ಬರೆಯುವುದು. ಸುದ್ದಿ ಆದಮೇಲೆ ಬರೆದರೆ ತಡ. ಆಗುವ ಮುಂಚೆಯೇ ಪುಟ ಹಾಕಿಟ್ಟರೆ ಗೂಗಲ್ ಬಂದು ಓದಿಕೊಂಡು ಹೋಗಿರುತ್ತದೆ. ಜನ ಹುಡುಕಲು ಶುರುಮಾಡುವ ಹೊತ್ತಿಗೆ ನಮ್ಮದು ಮೇಲೆ ಕೂತಿರುತ್ತದೆ. ಈ ಕಸುಬಿನಲ್ಲಿ ಅದೇನು ತಪ್ಪೆಂದು ಯಾರೂ ಎಣಿಸುವುದಿಲ್ಲ. ಹಿಂಗಾರಿಗೆ ನೀರು ಬಿಡುವ ಬಗ್ಗೆ ಬುಧವಾರ ಆಲಮಟ್ಟಿಯಲ್ಲಿ ಸಭೆ ಇತ್ತು. ತೀರ್ಮಾನವಾದ ಮರುದಿನವೇ ಬಿಟ್ಟಾರು ಎಂದು ಅಂದಾಜು ಮಾಡಿ ಅವನು ಮಂಗಳವಾರ ಮಧ್ಯಾಹ್ನವೇ ಪುಟ ಹಾಕಿದ. ತಲೆಬರಹ: 'ಇಂಡಿ ಕಡೆಯ ಕಾಲುವೆಗೆ ಗುರುವಾರದಿಂದ ನೀರು, ಕೊನೆಯಂಚಿನ ಹಳ್ಳಿಗಳಿಗೂ.' ಕೆಳಗೆ, ಎರಡು ಪ್ಯಾರಾ ದಾಟಿದ ಮೇಲೆ, ಅಂತಿಮ ತೀರ್ಮಾನ ಸಭೆಯಲ್ಲಿ ಆಗಬೇಕಿದೆ ಎಂಬ ಸಾಲನ್ನೂ ಸೇರಿಸಿದ್ದ. ಕೊನೆಯಂಚಿನ ಹಳ್ಳಿಗಳ ಮಾತು ತಂದದ್ದು ಯಾಕೆಂದರೆ, ಹುಡುಕುವವರಲ್ಲಿ ಅಲ್ಲಿಯವರೇ ಹೆಚ್ಚು.

ಬುಧವಾರ ಬೆಳಿಗ್ಗೆ ಅವನ ಪುಟ ಎಲ್ಲರಿಗಿಂತ ಮೇಲಿತ್ತು.

"ಏನ್ರಿ, ಮುಖ ಅರಳೇತಿ?" ಎಂದಳು ಯಾಸ್ಮಿನ.

"ಮ್ಯಾಲ ಬಂದೇನಿ."

"ಮದಿವ್ಯಾದಾಗಿಂದ ಮಾಳಿಗಿ ಮ್ಯಾಲ ಅದೀರಿ. ಇನ್ನೂ ಎಲ್ಲಿ ಮ್ಯಾಲ ಹೋಗವ್ರು?"

ಅವನು ನಕ್ಕ. ಆದರೆ ಪರದೆಯ ಮೇಲೆ ಒಂದು ವಿಚಿತ್ರವಿತ್ತು. ತಲೆಬರಹ ಕಂಡವರು ಲೆಕ್ಕವಿಲ್ಲದಷ್ಟು. ಪುಟ ತೆರೆದವರು ಬೆರಳೆಣಿಕೆಯಷ್ಟು. ಕೇಳಿದರು, ಒಂದು ಸಾಲು ಓದಿದರು, ಹೊರಟುಹೋದರು. ಅಷ್ಟು ಜನ ಒಟ್ಟಿಗೆ ಎಲ್ಲಿಗೆ ಹೋದರು?

ಉತ್ತರ ಪರಸಪ್ಪನ ಫೋನಿನಲ್ಲಿ ಬಂತು. ಪರಸಪ್ಪ ಇಜಾಜನ ತಂದೆಯ ಗೆಳೆಯ. ಇಂಡಿ ಕಡೆ, ಕಾಲುವೆ ಮುಗಿಯುವ ಊರಿನವನು.

"ಇಜಾಜ, ಇಲ್ಲಿ ಊರಿಗೂರ ಕಾಲುವಿಗಿ ಇಳದೈತಿ ನೋಡಪಾ. ಹೂಳು ತಗ್ಯಾಕತ್ತೇವಿ."

"ಯಾಕ ಕಾಕಾ, ಇಷ್ಟ ವರ್ಷ ಬಿಟ್ಟು ಇವತ್ತ?"

"ನಾಳಿ ನೀರು ಬರ್ತೈತಲ್ಲ! ನಮ್ಮತನಕ ಬರ್ತೈತಂತ. ನೀ ಕಾಲುವಿ ಸುದ್ದಿ ಬರ್ಯಾಂವ, ನಿನಗ ಗೊತ್ತಿಲ್ಲೇನ?"

"ಯಾರ ಹೇಳಿದ್ರು?"

"ಗೂಗಲ್ ಹೇಳೇತಿ."

ಫೋನಿನ ಆಚೆ ಸಲಿಕೆಗಳ ಸದ್ದು, ಯಾರದೋ ನಗು. ಪರಸಪ್ಪ ಫೋನಿಟ್ಟ. ಇಜಾಜ ಆಲಮಟ್ಟಿಯ ಪರಿಚಯದವರಿಗೆ ಕರೆ ಮಾಡಿದ. ಸಭೆ ಮುಂದಕ್ಕೆ ಹೋಗಿತ್ತು. ಯಾವತ್ತು ಎಂದು ಗೊತ್ತಿಲ್ಲ, ನೀರಿನ ಮಾತು ಆಮೇಲೆ.

ಅವನು ಆಗಲೇ ತಲೆಬರಹ ತಿದ್ದಿದ: 'ನೀರು ಬಿಡುವ ದಿನ ಇನ್ನೂ ತೀರ್ಮಾನವಾಗಿಲ್ಲ.' ತಿದ್ದಿ, ಫೋನಿನಲ್ಲಿ ಹುಡುಕಿದ. ಹಳೆಯ ಸಾಲೇ ಮೇಲಿತ್ತು, ಗುರುವಾರದಿಂದ ನೀರು. ತಾನು ಒಮ್ಮೆ ಓದಿಕೊಂಡು ಹೋದದ್ದನ್ನೇ ಗೂಗಲ್ ಹೇಳುತ್ತಿರುತ್ತದೆ. ಮತ್ತೆ ಬಂದು ಓದುವ ತನಕ ಬರೆದವನು ತಿದ್ದಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಬಂದು ಓದು ಎಂದು ಕೋರಿಕೆ ಕಳಿಸುವ ಗುಂಡಿಯೊಂದಿದೆ. ಒತ್ತಿದ. ಯಾವಾಗ ಬರುತ್ತದೆ ಎಂದು ಹೇಳುವವರು ಯಾರೂ ಇಲ್ಲ. ತಾನೇ ಬರೆದ ಸಾಲಿನ ಎದುರು ಅವನು ಹೊರಗಿನವನಂತೆ ಕೂತಿದ್ದ.

ಪರಸಪ್ಪ ಮತ್ತೆ ಫೋನ್ ಎತ್ತಲಿಲ್ಲ. ಸುಮ್ಮನಿರಬಹುದಿತ್ತು. ಅದನ್ನು ಬರೆದವನು ಯಾರೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಜಾಜ ಬೈಕಿನ ಕೀಲಿ ತೆಗೆದುಕೊಂಡ.

"ಅಷ್ಟ ದೂರ ಯಾಕ ಹೋಗ್ತೀರಿ? ಇನ್ನೊಮ್ಮಿ ಫೋನ್ ಹಚ್ಚಿ ಹೇಳ್ರಿ."

"ಫೋನಿನ್ಯಾಗ ಹೇಳಿದ್ದಕ್ಕ ಹಿಂಗಾಗೇತಿ," ಎಂದ.

ತೊಗರಿ ಹೂವಾಡುವ ಕಾಲ. ರಸ್ತೆಯ ಎರಡೂ ಕಡೆ ಹಳದಿ, ನಡುವೆ ಕರಿಮಣ್ಣು, ಇಂಡಿ ಹತ್ತಿರವಾದಂತೆ ಲಿಂಬಿ ತೋಟಗಳ ಗಾಢ ಹಸಿರು. ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಹೊಂದಿಸುತ್ತ ಬಂದ. ಊರು ದಾಟಿ ಏರಿಯ ಮೇಲೆ ಬೈಕು ನಿಲ್ಲಿಸಿದಾಗ ಹೊಂದಿಸಿದ್ದು ಒಂದೂ ಉಳಿಯಲಿಲ್ಲ.

ಕಾಲುವೆ ಎಂದು ಅವನು ಎಷ್ಟೋ ಸಲ ಬರೆದಿದ್ದ. ಇದನ್ನು ಕಂಡದ್ದು ಅದೇ ಮೊದಲು. ಕಣ್ಣು ಹೋದಷ್ಟು ದೂರ ಕಾಲುವೆಯ ಒಡಲಿನಲ್ಲಿ ಜನ. ಗಂಡಸರು ಜಾಲಿ ಕಂಟಿ ಕಡಿದು ಏರಿಗೆ ಎಳೆಯುತ್ತಿದ್ದರು, ಹೆಂಗಸರು ಬುಟ್ಟಿ ಬುಟ್ಟಿ ಮಣ್ಣು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನೆಲವೇ ಆಗಿಹೋಗಿದ್ದ ಜಾಗದಿಂದ ಕಾಲುವೆಯ ಕಲ್ಲು ಹಾಸು ಎದ್ದು ಬರುತ್ತಿತ್ತು, ಹಸಿ ಹಸಿಯಾಗಿ, ಈಗಷ್ಟೇ ಕಟ್ಟಿದಂತೆ. ಒಂದು ಸಾಲು. ಊಟದ ಹೊತ್ತಿನಲ್ಲಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ತಾನು ಬರೆದ ಒಂದು ಸಾಲು.

"ಬಾರಪಾ, ಫೋಟೋ ಹೊಡಿ," ಎಂದು ಕೂಗಿದ ಪರಸಪ್ಪ, ತಲೆಗೆ ಸುತ್ತಿದ ವಸ್ತ್ರದಿಂದ ಬೆವರು ಒರೆಸುತ್ತ.

"ಕಾಕಾ, ನಾಳಿ ನೀರು ಬರೂದಿಲ್ಲ. ಸಭಾ ಮುಂದ ಹೋಗೇತಿ. ಗುರುವಾರ ಅಂತ ಬರದಾಂವ ನಾನ. ಅಂದಾಜಿನ ಮ್ಯಾಲ ಬರದಿದ್ದೆ."

ಹತ್ತಿರದ ಸಲಿಕೆಗಳು ನಿಂತವು. ಬುಟ್ಟಿ ಹೊತ್ತಿದ್ದ ರೇವವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಬರದ್ಯಾ? ಗೂಗಲ್ ನಿಮ್ಮ ಮನ್ಯಾಗಿರ್ತೈತೇನ?"

ನಗೆ ಎದ್ದಿತು. ಸಿದ್ಧರಾಮನೆಂಬವನು ಕಿಸೆಯಿಂದ ಫೋನು ತೆಗೆದು ಬಾಯಿಯ ಹತ್ತಿರ ಹಿಡಿದ. "ಇಂಡಿ ಕಾಲುವಿಗಿ ನೀರು ಯಾವಾಗ?"

ಫೋನು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಹೆಣ್ಣುದನಿ, ಅವಸರವಿಲ್ಲದೆ, ಅನುಮಾನವಿಲ್ಲದೆ ಹೇಳಿತು: "ಇಂಡಿ ಕಡೆಯ ಕಾಲುವೆಗೆ ಗುರುವಾರದಿಂದ ನೀರು, ಕೊನೆಯಂಚಿನ ಹಳ್ಳಿಗಳಿಗೂ."

ತನ್ನವೇ ಪದಗಳು. ಆದರೆ ಇಜಾಜ ಜೀವಮಾನದಲ್ಲಿ ಒಮ್ಮೆಯೂ ಅಷ್ಟು ಖಚಿತವಾಗಿ ಮಾತಾಡಿದವನಲ್ಲ.

"ಕೇಳಿದ್ಯಾ?" ಎಂದ ಸಿದ್ಧರಾಮ. "ನೀ ಇಲ್ಲ ಅಂತಿ, ಅದು ಹೌದು ಅಂತೈತಿ. ಯಾರ್ನ ನಂಬೋಣು?"

"ಅದು ಹೇಳೂದು ನನ್ನ ಮಾತ. ನಾನು ಅದನ್ನ ತಿದ್ದೇನ್ರಿ. ಅದಕ್ಕ ಇನ್ನೂ ತಿಳಿದಿಲ್ಲ."

"ನಿನಗ ತಿಳದೈತಿ, ಗೂಗಲ್‌ಗೆ ತಿಳಿದಿಲ್ಲ! ಎಂಥಾ ಶ್ಯಾಣ್ಯಾ ಇದ್ದೀಪಾ." ರೇವವ್ವ ಬುಟ್ಟಿ ಎತ್ತಿಕೊಂಡಳು. "ನಡೀರೇ, ಹೊತ್ತಾಗ್ತೈತಿ."

ಸಲಿಕೆಗಳು ಮತ್ತೆ ಎದ್ದವು. ಇಜಾಜ ಏರಿಯ ಉದ್ದಕ್ಕೂ ನಡೆದು ಒಬ್ಬೊಬ್ಬರಿಗೂ ಹೇಳಿದ. ಕೆಲವರು ನಕ್ಕರು, ಕೆಲವರು ಕನಿಕರದಿಂದ ನೀರು ಕೊಟ್ಟರು. ಒಬ್ಬ ಮುದುಕಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೈಗಿಟ್ಟು, "ಬಿಸಲ ಬಡದೈತಿ, ತಿನ್ನು" ಎಂದಳು. ಅವನು ಹೇಳಿದಷ್ಟೂ ಜನ ಜೋರಾಗಿ ಅಗೆದರು.

ಬಿಸಿಲು ಇಳಿಯುವ ಹೊತ್ತಿಗೆ ಸಿದ್ಧರಾಮ, ಅವನನ್ನು ಇನ್ನೊಮ್ಮೆ ಕಾಡಲೆಂದೇ ಫೋನು ತೆಗೆದು ಮತ್ತೆ ಅದೇ ಪ್ರಶ್ನೆ ಕೇಳಿದ.

"ನೀರು ಬಿಡುವ ದಿನ ಇನ್ನೂ ತೀರ್ಮಾನವಾಗಿಲ್ಲ," ಎಂದಿತು ಅದೇ ದನಿ, ಅದೇ ನೆಮ್ಮದಿಯಲ್ಲಿ.

ಸಿದ್ಧರಾಮ ಇನ್ನೊಮ್ಮೆ ಕೇಳಿದ. ಅದೇ ಉತ್ತರ. ಪಕ್ಕದವನು ಸಲಿಕೆ ಊರಿ ನಿಂತ. ಅವನ ಪಕ್ಕದವನೂ ನಿಂತ. ಮಾತು ಕಿವಿಯಿಂದ ಕಿವಿಗೆ ಸಾಗಿದಂತೆ ಕೈಗಳು ಒಂದೊಂದಾಗಿ ಇಳಿದವು. ನೀರು ಹರಿದಿದ್ದರೆ ಹೇಗೆ ಹರಿಯುತ್ತಿತ್ತೋ ಹಾಗೆ ಮೌನ ಕಾಲುವೆಯ ಉದ್ದಕ್ಕೂ ಇಳಿದುಹೋಗಿ ಕೊನೆ ಮುಟ್ಟಿತು. ಎಷ್ಟೋ ಮೌನಗಳನ್ನು ಹುಡುಕಿಕೊಂಡು ಹೋಗಿ ಕೂತವನು ಇಜಾಜ. ಇಂಥದರ ಒಳಗೆ ನಿಲ್ಲುವುದು ಅವನಿಂದಾಗಲಿಲ್ಲ. ಏರಿಯ ಮೇಲೆ ಹೋಗಿ ಕೂತ.

"ಈಗ ಹೇಳ್ತು ನೋಡು ಅದು," ಎಂದಳು ರೇವವ್ವ ಮೆಲ್ಲಗೆ.

"ಬಂದಾಗಿಂದ ಇದನ್ನ ಬಡಕೊಳ್ಳಾಕತ್ತಾನಲ್ಲ ಈ ಹುಡುಗ," ಎಂದ ಪರಸಪ್ಪ.

"ಅಂವಾ ಹೇಳಿದ್ರ ಏನಾತು? ಅದು ಹೇಳಿರಲಿಲ್ಲ."

ಸಿದ್ಧರಾಮ ಸಲಿಕೆ ಬಿಸಾಕಿದ. "ತೊಗರಿಗಿ ಎಣ್ಣಿ ಹೊಡೆಯೂದು ಬಿಟ್ಟು ಬಂದಿದ್ದೆ. ಕಾಯಾಗ ಹುಳ ಬಿದ್ರ ನೀ ಬಂದು ಆರಸ್ತೀಯೇನಲೇ?"

"ತಪ್ಪಾತ್ರಿ," ಎಂದ ಇಜಾಜ. ಆ ಮಾತು ಅಷ್ಟು ದೊಡ್ಡ ಕಾಲುವೆಯಲ್ಲಿ ಎಲ್ಲಿ ಬಿತ್ತೋ ಅವನಿಗೇ ಕೇಳಿಸಲಿಲ್ಲ. ಕೆಲವರು ಬುತ್ತಿಗಂಟು ಎತ್ತಿಕೊಂಡು ಊರ ಕಡೆ ನಡೆದರು.

ಪರಸಪ್ಪ ಬಂದು ಅವನ ಪಕ್ಕ ಕೂತ.

"ಅಲ್ಲೋ ಇಜಾಜ, ನೀ ಬರದದ್ದನ್ನ ಅದು ಹೇಳ್ತೈತಿ. ಅದು ಹೇಳಿದ್ದನ್ನ ಊರು ಕೇಳ್ತೈತಿ. ಹೌದಿಲ್ಲೋ?"

"ಹೌದು ಕಾಕಾ."

"ಪ್ರತಿ ಸಲ ಏನಂತಾರ? ನಿಮ್ಮ ಕಡೆ ಹೂಳು ತುಂಬೇತಿ, ಬಿಟ್ರೂ ಮುಟ್ಟೂದಿಲ್ಲ ಅಂತಾರ. ಸಭಾದಾಗ ಕುಂದರವ್ರೂ ಫೋನ್ ನೋಡ್ತಾರಲ್ಲ. ಹಂಗಾರ ಬರಿ. ಇಲ್ಲಿ ಕಾಲುವಿ ಕೊನೀತನಕ ಹಸನಾಗೇತಿ, ಬಿಟ್ರ ಹರೀತೈತಿ ಅಂತ ಬರಿ."

ಹೊರಟಿದ್ದವರು ತಿರುಗಿ ನೋಡಿದರು. "ಬರೀಲಿ ಬರೀಲಿ," ಎಂದ ಸಿದ್ಧರಾಮ, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ. "ಈ ಪಾಪ ಅಷ್ಟರೆ ತೊಳೀಲಿ."

ಇಜಾಜ ಫೋನು ತೆಗೆದ. 'ಕೊನೆಯ ತನಕ' ಎಂದು ಬೆರಳು ತಾನಾಗಿ ಬರೆಯಿತು. ಅಲ್ಲಿಗೇ ನಿಂತಿತು. ಅವನು ಎದ್ದು ಕಾಲುವೆಯೊಳಗೆ ಇಳಿದು ನಡೆಯತೊಡಗಿದ. ಕಲ್ಲು ಹಾಸು, ತೂಬುಗಳು, ಬುಟ್ಟಿಯಿಂದ ಚೆಲ್ಲಿದ ಮಣ್ಣು. ಕೊನೆಯ ತಿರುವು ದಾಟಿದ ಮೇಲೆ ಹಾಸು ಕಾಣೆಯಾಯಿತು. ಮುಂದೆ ಎದೆಯೆತ್ತರ ಜಾಲಿ, ಕೊನೆಯ ಹೊಲದ ತನಕ. ಅಲ್ಲಿಗೆ ಯಾರ ಸಲಿಕೆಯೂ ಮುಟ್ಟಿರಲಿಲ್ಲ.

ವಾಪಸು ಬಂದಾಗ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ತಿರುವಿನ ಆಕಡೆ ಇನ್ನೂ ಉಳದೈತ್ರಿ."

"ಏ, ಚೂರು ಐತಿ. ನಾಳಿ ತಗೀತೇವಿ. ನೀ ಆಗೇತಿ ಅಂತ ಬರದ ಬಿಡು," ಎಂದ ಸಿದ್ಧರಾಮ.

"ಆದಮ್ಯಾಲ ಬರೀತೇನಿ."

"ನಿನ್ನಿ ಬರಿಯುವಾಗ ಇಲ್ಲದ ಶಾಸ್ತ್ರ ಇವತ್ತ ಬಂತೇನ?"

"ಹೌದ್ರಿ, ಇವತ್ತ ಬಂತು."

ಪರಸಪ್ಪ ಮೊಣಕಾಲಿಗೆ ಕೈಯೂರಿ ಎದ್ದು, ಕೊಡಲಿ ಹೆಗಲಿಗೇರಿಸಿ ತಿರುವಿನ ಕಡೆ ಹೊರಟ. ಅವನ ಹಿಂದೆ ಇಬ್ಬರು. ಆಮೇಲೆ ಇನ್ನೂ ಕೆಲವರು, ಗೊಣಗುತ್ತ, ಬೈಯುತ್ತ. ಸಿದ್ಧರಾಮ ಬಿಸಾಕಿದ ಸಲಿಕೆಯನ್ನು ರೇವವ್ವ ಎತ್ತಿ ಇಜಾಜನ ಮುಂದೆ ಹಿಡಿದಳು.

"ಅದನ್ನ ಕಿಸೆದಾಗ ಇಡು, ಇದನ್ನ ಹಿಡಿ. ಬೆಳಕಿರೂ ತನಕ ಎಷ್ಟ ಆಗ್ತೈತೋ ಅಷ್ಟ ಆಗ್ಲಿ."

ಸಲಿಕೆ ಅವನು ಎಣಿಸಿದ್ದಕ್ಕಿಂತ ಭಾರವಿತ್ತು. ಮೊದಲ ಏಟಿಗೆ ಮಣ್ಣು ಅಲ್ಲಾಡಲೂ ಇಲ್ಲ.