ಬಿಳಿ ಚಕ್ಕೆಯ ಸೇಡು

ನಾನು ಸೀಟೈಲ್ ಆಲ್ಕೋಹಾಲ್. ಹೆಸರು ಕೇಳಿ ಮೂಗು ಮುರಿಯಬೇಡಿ, ನಾನು ಕುಡಿಯುವ ಪೈಕಿ ಅಲ್ಲ. ತೆಂಗಿನೆಣ್ಣೆಯ ಕೊಬ್ಬಿನಿಂದ ಕಾರ್ಖಾನೆಯಲ್ಲಿ ಹುಟ್ಟಿದ, ಮೇಣದಂಥ ಬಿಳಿ ಚಕ್ಕೆ. ಕ್ರೀಮಿನಲ್ಲಿ ಎಣ್ಣೆ ನೀರನ್ನು ಒಂದುಗೂಡಿಸಲು ಬೇರೆಯವರಿದ್ದಾರೆ. ಅದನ್ನು ಮಂದವಾಗಿಸಿ ಬೆರಳಲ್ಲಿ ನಿಲ್ಲುವಂತೆ ಮಾಡುವುದು ನಾನು.

ತಿಪಟೂರಿನ ಸರ್ವಮಂಗಳಮ್ಮ ನನ್ನನ್ನು ತಂದು ಸ್ಟೀಲ್ ಡಬ್ಬಿಯಲ್ಲಿಟ್ಟರು. ಒಡೆದ ಹಿಮ್ಮಡಿಗೆ ಅವರು ಮಾಡುತ್ತಿದ್ದ ಕ್ರೀಮಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಒಂದು ಒಲೆಯ ಮೇಲೆ ಎಣ್ಣೆಯಲ್ಲಿ ನನ್ನನ್ನು ಕರಗಿಸುವರು, ಇನ್ನೊಂದರ ಮೇಲೆ ಪನ್ನೀರನ್ನೂ ಅಷ್ಟೇ ಬಿಸಿ ಮಾಡುವರು. ಎರಡನ್ನೂ ಸೇರಿಸಿ, ಆರುವವರೆಗೆ ಕೈಬಿಡದೆ ತಿರುವುವರು. ಆ ಕೈ ನನಗೆ ಬಹಳ ಇಷ್ಟ.

ಅವರ ಓರಗಿತ್ತಿ ಚಂದ್ರಪ್ರಭಾ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಸರ್ವಮಂಗಳಮ್ಮ ಮದುವೆಗೆಂದು ಪರವೂರಿಗೆ ಹೋದಾಗ ಡಬ್ಬಿ ಸಮೇತ ನನ್ನನ್ನು ಹೊತ್ತೊಯ್ದಳು. ಮಹಿಳಾ ಸಮಾಜದಲ್ಲಿ ‘ಚಂದ್ರಪ್ರಭಾ ಕ್ರೀಮ್’ ಬಿಡುಗಡೆ ಎಂದು ಬ್ಯಾನರ್ ಕಟ್ಟಿಸಿದಳು.

“ಅಕ್ಕಂಗೇನ್ ಗೊತ್ತಿತ್ತು? ಎಲ್ಲಾ ನಾನೇ ಹೇಳ್ಕೊಟ್ಟಿದ್ದು” ಎಂದು ಫೋನಿನಲ್ಲಿ ಕೊಚ್ಚಿಕೊಂಡಳು. ಡಬ್ಬಿಯೊಳಗೆ ನನ್ನ ಮೈ ಉರಿದುಹೋಯಿತು. ಇರು, ಮಾಡ್ತೀನಿ ನಿನಗೆ ಎಂದುಕೊಂಡೆ.

ಅವಕಾಶ ಅವಳೇ ಕೊಟ್ಟಳು. ಕಾಯಿಸಿದರೆ ಘಮ ಹೋಗುತ್ತದೆಂದು ಪನ್ನೀರನ್ನು ಫ್ರಿಜ್ಜಿನಿಂದ ತೆಗೆದು, ಬಿಸಿ ಎಣ್ಣೆಯಲ್ಲಿ ಕರಗಿದ್ದ ನನ್ನ ಮೇಲೆ ಹಾಗೇ ಸುರಿದಳು. ನಾನು ಕಾದಿದ್ದೇ ಅದಕ್ಕೆ. ಸಣ್ಣಸಣ್ಣ ಹರಳುಗಟ್ಟಿ ಕ್ರೀಮಿನ ತುಂಬ ಕೂತೆ. ಇಟ್ಟರೆ ಸರಿಹೋಗುತ್ತದೆ ಎಂದು ಅವಳು ಹಾಗೇ ಡಬ್ಬಿಗಳಿಗೆ ತುಂಬಿದಳು.

ಸಮಾರಂಭದಲ್ಲಿ ಮುಖ್ಯ ಅತಿಥಿ ಅಂಗೈಗೆ ಹಚ್ಚಿ ಉಜ್ಜಿದರು. “ಇದೇನಮ್ಮಾ, ಕ್ರೀಮೋ ಉಪ್ಪಿಟ್ಟಿನ ರವೆಯೋ?”

ಸಭೆ ಗೊಳ್ಳೆಂದು ನಕ್ಕಿತು. ಮದುವೆ ಮುಗಿಸಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಸರ್ವಮಂಗಳಮ್ಮ ಮಾತ್ರ ನಗಲಿಲ್ಲ.

ಮಾರನೇ ದಿನ ಚಂದ್ರಪ್ರಭಾ ನನ್ನನ್ನೆಲ್ಲ ಬಕೆಟ್ಟಿಗೆ ಸುರಿದುಕೊಂಡು ಅವರ ಮನೆಗೆ ಬಂದಳು. “ತಪ್ಪಾಯ್ತಕ್ಕಾ. ಹೆಂಗಾದ್ರೂ ಸರಿ ಮಾಡ್ಕೊಡು.”

ನಾನು ಹಿಗ್ಗಿದೆ. ಮತ್ತೆ ಬಿಸಿ ಮಾಡಿ ಕರಗಿಸಿ ತಿರುವಿದರೆ ಸಾಕು, ನಯವಾಗುತ್ತಿದ್ದೆ. ಅದು ಸರ್ವಮಂಗಳಮ್ಮನಿಗೂ ಗೊತ್ತಿತ್ತು. ಬೆರಳಿನಿಂದ ನನ್ನನ್ನು ತಿಕ್ಕಿ ನೋಡಿದರು.

“ಇದು ಪೂರಾ ಕೆಟ್ಟೋಗೈತೆ ಕಣೇ. ಹಿತ್ತಲಿಗೆ ಚೆಲ್ಲಿಬಿಡು.”

ಈಗ ಅವರ ಹಿತ್ತಲ ಬಚ್ಚಲಗುಂಡಿಯಲ್ಲಿದ್ದೇನೆ. ಚಂದ್ರಪ್ರಭಾ ಆಮೇಲೆ ಕ್ರೀಮಿನ ಸುದ್ದಿ ಎತ್ತಿಲ್ಲ. ನೆನೆದರೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಅಡುಗೆಮನೆಯಲ್ಲಿ ಎರಡು ಒಲೆ ಹೊತ್ತಿಸಿದ ಸದ್ದು ಕೇಳಿದಾಗ ಸಂಕಟವಾಗುತ್ತದೆ. ಹೊಸ ಚಕ್ಕೆ ಬಂದಿದೆ. ಅವರ ಪರವಾಗಿ ಸೇಡು ತೀರಿಸಿದ್ದು ನಾನು. ಅವರು ತಮ್ಮ ಸೇಡು ತೀರಿಸಿಕೊಳ್ಳುವಾಗ, ಬಕೆಟ್ಟಿನಲ್ಲಿ ಇರುವುದು ನಾನು ಎಂದು ಅವರಿಗೆ ಅನ್ನಿಸಲೇ ಇಲ್ಲ.