ದಾನೇಶ್ವರಿಯ ಪಾಲಿನ ಒಂಬತ್ತು ಕಿಲೋ

ನವಿ ಮುಂಬೈಯ ಐರೋಲಿಯಲ್ಲಿ ಬಾಲಪ್ಪನ ಮನೆಯಲ್ಲಿ ಬುಧವಾರ ಸಂಜೆ ಒಂದು ಬ್ಯಾಗು ಮುಚ್ಚಿಕೊಳ್ಳಲಾರೆನೆಂದು ಹಟ ಹಿಡಿದು ಕೂತಿತ್ತು. ನಮ್ಮ ನಿಮ್ಮ ಮನೆಗಳಲ್ಲೂ ಊರಿಗೆ ಹೊರಡುವ ಮುನ್ನ ಇದೇ ನಡೆಯುವುದು. ಒಬ್ಬರು ಬ್ಯಾಗಿನ ಮೇಲೆ ಮಂಡಿ ಊರುತ್ತಾರೆ, ಇನ್ನೊಬ್ಬರು ಜಿಪ್ಪು ಎಳೆಯುತ್ತಾರೆ, ಮೂರನೆಯವರು ಇದೊಂದು ಉಳೀತಲ್ಲ ಎಂದು ಕೈಯಲ್ಲೇನೋ ಹಿಡಿದು ನಿಂತಿರುತ್ತಾರೆ. ಇಲ್ಲಿ ಮಂಡಿ ಊರಿದವನು ಬಾಲಪ್ಪ, ಜಿಪ್ಪು ಎಳೆಯುತ್ತಿದ್ದವಳು ಮಗಳು ದಾನೇಶ್ವರಿ, ಹೊದೆಯುವ ದಪ್ಪ ಕೌದಿ ಹಿಡಿದು ನಿಂತವಳು ಹೆಂಡತಿ ಸಾಬವ್ವ.

ಆದರೆ ಇದು ರೈಲಿನ ಸೀಟಿನ ಕೆಳಗೆ ತಳ್ಳುವ ಬ್ಯಾಗಲ್ಲ. ದಾನೇಶ್ವರಿಯ ಕಾಲೇಜಿನಿಂದ ಇಪ್ಪತ್ತು ಮಕ್ಕಳು ಶನಿವಾರ ಸಹ್ಯಾದ್ರಿಯ ಒಂದು ಬೆಟ್ಟ ಹತ್ತಿ, ಮೇಲೆ ಎರಡು ರಾತ್ರಿ ಟೆಂಟಿನಲ್ಲಿ ಇರುವವರಿದ್ದರು. ಹತ್ತುವುದಕ್ಕೇ ಆರು ತಾಸು. ಕರೆದೊಯ್ಯುವ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು: ಬ್ಯಾಗಿನ ತೂಕ ಹೊರುವವರ ತೂಕದ ಐದರಲ್ಲಿ ಒಂದು ಪಾಲನ್ನು ಮೀರಬಾರದು. ಸ್ಟೇಷನ್ನಿನಲ್ಲೇ ತೂಗುತ್ತೇವೆ, ಮೀರಿದವರು ಅಲ್ಲಿಂದಲೇ ಮನೆಗೆ. ದಾನೇಶ್ವರಿ ನಲವತ್ತೈದು ಕಿಲೋ ಇದ್ದಳು. ಅವಳ ಪಾಲಿಗೆ ಬಂದದ್ದು ಒಂಬತ್ತು.

ಬಾಲಪ್ಪ ಬ್ಯಾಗನ್ನು ಒಂದೇ ಕೈಯಲ್ಲಿ ಎತ್ತಿದ. ಇಪ್ಪತ್ತೆರಡು ವರ್ಷ ತುರ್ಭೆ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತ ಕೈ ಅದು, ತಕ್ಕಡಿ ಬೇಕಿರಲಿಲ್ಲ.

"ಹದಿನಾರೂವರಿ," ಎಂದ. "ಹದಿನಾರೂವರಿ ಅಂದ್ರ ಏನ್ ಮಹಾ? ನಾ ದಿನಾ ಐವತ್ತ ಕಿಲೋ ಹೊರತೀನಿ."

"ಪಪ್ಪಾ, ಮೈ ಆಪ್ ಥೋಡೀ ಹೂಂ," ಎಂದಳು ಮಗಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ.

"ನೀ ನಾ ಅಲ್ಲ, ಖರೆ. ಆದ್ರ ನನ್ನ ಮಗಳ ಹೌದಲ್ಲ?"

ಬಾಯಲ್ಲಿ ಹೀಗೆಂದರೂ ಬಾಲಪ್ಪನ ತಲೆ ಮೂರು ದಿನದಿಂದ ಕೆಟ್ಟುಹೋಗಿತ್ತು. ಜೊತೆಗೆ ಚೀಲ ಹೊರುವ ಮಾಪಣ್ಣ, ದೊಡ್ಡ ಬ್ಯಾಗ ತಗೋ, ಎಲ್ಲಾ ಹಿಡಸ್ತದ ಎಂದಿದ್ದ. ಠಾಣೆ ಶಹರದ ಟ್ರೆಕ್ಕಿಂಗ್ ಅಂಗಡಿಯವನು ಹಗ್ಗ, ಕೊಡಲಿ, ಮಡಚುವ ಕುರ್ಚಿ ತೋರಿಸಿ, ಇವಿಲ್ಲದೆ ಬೆಟ್ಟ ಹತ್ತುವವರೇ ಇಲ್ಲ ಎಂದಿದ್ದ. ಮೊಬೈಲಿನಲ್ಲಿ ಯಾರೋ ಒಬ್ಬ, ತೂಕ ಉಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಕತ್ತರಿಸಿ ಎನ್ನುತ್ತಿದ್ದ. ಕುರ್ಚಿ ಒಯ್ಯುವುದೋ, ಬ್ರಷ್ಷು ಕತ್ತರಿಸುವುದೋ? ಮಗಳು ಮಳೆಗಾಲದಿಂದ ಇದೇ ಒಂದು ಕನಸು ಕಟ್ಟಿಕೊಂಡು ದಿನಾ ಬೆಳಿಗ್ಗೆ ಓಡುತ್ತಿದ್ದಾಳೆ. ಸಾಮಾನು ಕಡಿಮೆಯಾದರೆ ಮೇಲೆ ಚಳಿಯಲ್ಲಿ ನಡುಗುತ್ತಾಳೆ, ಹೆಚ್ಚಾದರೆ ಸ್ಟೇಷನ್ನಿನಿಂದ ಅಳುತ್ತ ವಾಪಸ್ಸು ಬರುತ್ತಾಳೆ. ಯಾವುದಕ್ಕೆ ಹೆದರಬೇಕೆಂಬುದೇ ಅವನಿಗೆ ತಿಳಿಯಲೊಲ್ಲದು.

"ನಾಳೆ ಸುಮೇಧಾ ಅಕ್ಕಾರಿಗೆ ರೊಟ್ಟಿ ಕೊಡೂದದ," ಎಂದಳು ಸಾಬವ್ವ. "ಬ್ಯಾಗ ತಗೊಂಡ ಮೂವರೂ ಹೋಗೂಣು."

ಸುಮೇಧಾ ಉಡುಪಿಯವರು, ಬೇಲಾಪುರದಲ್ಲಿ ನೌಕರಿ, ಸಾಬವ್ವ ಮಾಡಿ ಮಾರುವ ಒಣ ಜೋಳದ ರೊಟ್ಟಿಯ ಖಾಯಂ ಗಿರಾಕಿ. ಹದಿನೆಂಟು ವರ್ಷದಿಂದ ರಜೆ ಸಿಕ್ಕರೆ ಬೆಟ್ಟ ಹತ್ತುವುದೇ ಅವರ ಕೆಲಸ. ಗುರುವಾರ ಸಂಜೆ ಏಳನೇ ಮಹಡಿಯ ಮನೆಯ ಬಾಗಿಲು ತೆರೆದವರು ಮೊದಲು ಬ್ಯಾಗು ನೋಡಿದರು, ಆಮೇಲೆ ಬಾಲಪ್ಪನ ಮುಖ.

"ಬಾಲಪ್ಪಣ್ಣ, ಇದನ್ನು ಹಾಕಿಕೊಂಡು ಕೆಳಗೆ ಹೋಗಿ ಮೆಟ್ಟಿಲು ಹತ್ತಿ ಬನ್ನಿ. ಮೂರು ಸಲ. ಲಿಫ್ಟ್ ಬೇಡ, ನಡುವೆ ಎಲ್ಲಿಯೂ ಇಳಿಸ್ಲಿಕ್ಕಿಲ್ಲ."

ಬಾಲಪ್ಪನಿಗೆ ನಗು ಬಂತು. ಮೊದಲ ಸಲ ಸಿಳ್ಳೆ ಹಾಕುತ್ತ ಹತ್ತಿದ. ಎರಡನೇ ಸಲ ಪಟ್ಟಿ ಹೆಗಲನ್ನು ಕೊರೆಯಿತು, ಬ್ಯಾಗು ಹಿಂದಕ್ಕೆ ಜಗ್ಗಿತು. ಮೂರನೇ ಸಲ ಐದನೇ ಮಹಡಿಯಲ್ಲಿ ಕಂಬಿ ಹಿಡಿದು ನಿಂತ. ಮೇಲೆ ಬಂದವನೇ ಚಪ್ಪಲಿ ಬಿಡುವ ಜಾಗದಲ್ಲೇ ಕೂತುಬಿಟ್ಟ.

"ಚೀಲ ಹೊತ್ರ ಹಿಂಗ ಆಗೂದಿಲ್ಲ," ಎಂದ. ಅವನಿಗೇ ಅರ್ಥವಾಗಿರಲಿಲ್ಲ.

"ಚೀಲ ಹೊತ್ತು ಎಷ್ಟು ದೂರ ಹೋಗ್ತೀರಿ?"

"ಲಾರಿಯಿಂದ ಗೋಡೌನಿಗೆ. ನಲವತ್ತ ಹೆಜ್ಜಿ."

"ಆಮೇಲೆ?"

"ಇಳಸ್ತೀನಿ," ಎಂದ ಬಾಲಪ್ಪ. ನಲವತ್ತು ಹೆಜ್ಜೆ ಹೊರುವುದು, ಇಳಿಸುವುದು, ಬರಿ ಬೆನ್ನಲ್ಲಿ ತಿರುಗಿ ಬರುವುದು. ಮಗಳು ಆರು ತಾಸು ಹೊರಬೇಕು. ಎರಡು ವರ್ಷದಿಂದ ಸಂಜೆಯಾದರೆ ಬಾತುಕೊಳ್ಳುವ ತನ್ನ ಮಂಡಿಗಳ ಮೇಲೆ ಕೈಯಾಡಿಸಿದ. ಈ ನೋವು ಇವಳಿಗೆ ಬರುವುದು ಬೇಡ ಎಂದು ಬ್ಯಾಗನ್ನು ಸುಮೇಧಾರ ಮುಂದಕ್ಕೆ ತಳ್ಳಿದ.

ಸುಮೇಧಾ ಬ್ಯಾಗನ್ನು ಚಾಪೆಯ ಮೇಲೆ ಸುರಿದರು. ಒಂದೊಂದೇ ಎತ್ತಿ ಒಂದೇ ಪ್ರಶ್ನೆ ಕೇಳಿದರು: "ಇದು ಇಲ್ಲದಿದ್ರೆ ಎಂತ ಆಗ್ತದೆ?"

ನಾಲ್ಕು ಜೊತೆ ಬಟ್ಟೆ ಎರಡಾಯಿತು. ಜೀನ್ಸು ಹೊರಗೆ ಹೋಯಿತು, ಏಕೆಂದರೆ ಅದು ಮೊದಲೇ ಭಾರ, ಒದ್ದೆಯಾದರೆ ಇನ್ನೂ ಭಾರ, ಬೇಗ ಒಣಗುವುದೂ ಇಲ್ಲ. ಸ್ಟೀಲಿನ ನೀರಿನ ಬಾಟಲಿಯ ಜಾಗಕ್ಕೆ ಎರಡು ಹಗುರ ಪ್ಲಾಸ್ಟಿಕ್ ಬಾಟಲಿ ಬಂದವು. ಕೊನೆಗೆ ತಳದಲ್ಲಿ ಒಂದು ಇಡೀ ಟೆಂಟು ಸಿಕ್ಕಿತು.

"ಇದು ಮೂರು ಮಂದಿಯದ್ದಲ್ವಾ? ಪೂರ್ತಿ ಇವಳೊಬ್ಬಳೇ ಹೊರುದಾ?"

ಬಾಲಪ್ಪ ತಲೆ ತಗ್ಗಿಸಿದ. ಮಗಳ ಗೆಳತಿಯರು ಫೋನು ಮಾಡಿದಾಗ, ನಮ್ಮ ಹುಡಿಗಿ ಹೊರತಾಳ ಬಿಡ್ರಿ ಎಂದು ದೊಡ್ಡಸ್ತಿಕೆಯಿಂದ ಹೇಳಿದವನು ಅವನೇ. ದಾನೇಶ್ವರಿ ಆಗಲೇ ಗೆಳತಿಯರಿಗೆ ಮೆಸೇಜು ಕಳಿಸಿದಳು: ಟೆಂಟಿನ ಬಟ್ಟೆ ನನಗೆ, ಕೋಲು ನಿನಗೆ, ಮೊಳೆ ಅವಳಿಗೆ.

ಸಾಬವ್ವ ಮಾತ್ರ ಕೌದಿ ಬಿಡಲಿಲ್ಲ. "ನಮ್ಮವ್ವ ಹೊಲಿದದ್ದು. ಇದ ಇಲ್ದ ಅಕಿಗಿ ನಿದ್ದಿ ಬರೂದಿಲ್ಲ."

"ಮೂರು ಕಿಲೋ ಉಂಟು ಸಾಬವ್ವ. ಇಬ್ಬನಿ ಬಿದ್ರೆ ನಾಲ್ಕು." ಸುಮೇಧಾ ತಮ್ಮ ಸ್ಲೀಪಿಂಗ್ ಬ್ಯಾಗ್ ಬಿಚ್ಚಿ ಹಾಸಿದರು. ತೂಕ ಒಂದು ಕಿಲೋ ಚಿಲ್ಲರೆ.

"ಗಾಳಿ ತುಂಬಿದ್ಹಾಂಗ ಅದ. ಇದೇನ ಚಳಿ ತಡೀತದ್ರೀ?"

"ಕೈ ಒಳಗೆ ಹಾಕಿ. ನಾನು ಚಾ ಮಾಡಿ ತರುವವರೆಗೆ ತೆಗೀಬೇಡಿ."

ಚಹಾ ಬರುವ ಹೊತ್ತಿಗೆ ಸಾಬವ್ವನ ಕೈ ಬೆವರಿತ್ತು. ಅವಳು ಕೌದಿಯನ್ನು ಮಡಚಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಆದರೂ ಅವಳಿಗೆ ಇನ್ನೊಂದು ಚಿಂತೆ ಉಳಿದಿತ್ತು. "ಬುತ್ತಿನೂ ಬ್ಯಾಡಂತೀರೇನ್ರೀ?"

"ಬೇಕೇ ಬೇಕು. ನಿಮ್ಮ ಕಟಕ್ ರೊಟ್ಟಿಯಷ್ಟು ಹಗುರದ ಊಟ ಯಾವ ಅಂಗಡಿಯಲ್ಲಿಯೂ ಸಿಗುದಿಲ್ಲ, ಹಾಳೂ ಆಗುದಿಲ್ಲ. ಸ್ಟೀಲ್ ಡಬ್ಬಿ ಬಿಟ್ಟು ಬಟ್ಟೆಯಲ್ಲಿ ಕಟ್ಟಿ, ಶೇಂಗಾ ಚಟ್ನಿ ಸಣ್ಣ ಚೀಲದಲ್ಲಿ ಹಾಕಿ."

ಈಗ ಬಾಲಪ್ಪನಿಗೆ ಹುರುಪು ಬಂತು. ಬಂದದ್ದು ಸ್ವಲ್ಪ ಹೆಚ್ಚೇ. ಅವರಿಬ್ಬರು ಮಾತಾಡುತ್ತಿರುವಾಗ ನೀರು, ಟಾರ್ಚು, ಔಷಧಿಯ ಪೊಟ್ಟಣ, ಸ್ವೆಟರು ಎಲ್ಲ ತೆಗೆದು ಪಕ್ಕಕ್ಕಿಟ್ಟ. "ನೋಡ್ರಿ ಅಕ್ಕಾರ, ಐದ ಕಿಲೋಕ್ಕ ತಂದೆ."

"ಅಲ್ಲ ಮಾರಾಯ್ರೆ, ನೀರು ತೆಗೆದ್ರೆ ಮಗು ಹತ್ತುದು ಹೇಗೆ?"

"ಮೊದಲ ತಗೀರಿ ಅಂದ್ರಿ. ಈಗ ಇಡ್ರಿ ಅಂತೀರಿ. ನನಗೊಂದೂ ತಿಳೀವಲ್ದು."

ಸುಮೇಧಾ ನಗಲಿಲ್ಲ. "ಬೇಕಾದ್ದನ್ನು ಬಿಟ್ಟು ಹೋಗುದು ಹಗುರ ಅಲ್ಲ, ಅಪಾಯ. ನೀರು, ಬೆಳಕು, ಔಷಧಿ, ಊಟ, ಬೆಚ್ಚಗಿನ ಒಂದು ಬಟ್ಟೆ, ಇಷ್ಟನ್ನು ಮುಟ್ಲಿಕ್ಕಿಲ್ಲ. ಉಳಿದದ್ದರಲ್ಲಿ ಕಡಿಮೆ ಮಾಡಿ. ಮಲಗುವ ಚೀಲ, ಟೆಂಟು, ಬ್ಯಾಗು, ಹೆಚ್ಚು ತೂಕ ಇರುದು ಈ ಮೂರರಲ್ಲೇ. ಅವನ್ನು ಹಗುರದ್ದು ಹುಡುಕಿದ್ರೆ ಆಯ್ತು. ಬ್ರಷ್ಷು ಕತ್ತರಿಸುದೆಲ್ಲ ಎಂತಕ್ಕೆ? ಬ್ಯಾಗು ನಂದೇ ತಗೊಳ್ಳಿ, ಸೊಂಟಕ್ಕೆ ಪಟ್ಟಿ ಉಂಟು. ಭಾರ ಹೆಗಲಿಗಲ್ಲ, ಸೊಂಟಕ್ಕೆ ಕೂರಬೇಕು."

ಆ ಕೊನೆಯ ಮಾತು ಕೇಳಿದ್ದೇ ಬಾಲಪ್ಪ ನೆಟ್ಟಗಾದ. ಇಷ್ಟು ದಿನದಲ್ಲಿ ಅವನಿಗೆ ತಿಳಿದ ಮೊದಲ ಮಾತು ಅದು. "ಸರೀರಿ ಸ್ವಲ್ಪ," ಎಂದು ತಾನೇ ತುಂಬಲು ಕೂತ. ತಳದಲ್ಲಿ ಮಲಗುವ ಚೀಲ. ನಡುವೆ, ಬೆನ್ನಿಗೆ ಒತ್ತಿ ಕೂರುವಂತೆ ನೀರು, ಬುತ್ತಿ, ಟೆಂಟಿನ ಬಟ್ಟೆ. ಹೊರಬದಿಗೆ ಉಡುವ ಬಟ್ಟೆ, ಎಲ್ಲಕ್ಕಿಂತ ಮೇಲೆ ಸ್ವೆಟರು, ಟಾರ್ಚು, ಔಷಧಿ. ಎಡಬಲ ಕೈಯಿಟ್ಟು ತೂಗಿ ನೋಡಿದ.

"ಭಾರದ್ದ ಬೆನ್ನಿಗಿ ಹತ್ತಿರ ಇರಬೇಕ್ರೀ. ಹಿಂದಕ್ಕ ಸರೀತಂದ್ರ ನಡಾ ಹೋಗ್ತದ."

"ಇದನ್ನು ಕಲೀಲಿಕ್ಕೆ ನಂಗೆ ಎರಡು ವರ್ಷ ಬೇಕಾಯ್ತು," ಎಂದರು ಸುಮೇಧಾ.

ಬಾಲಪ್ಪ ಬ್ಯಾಗು ಎತ್ತಿ, "ಎಂಟೂ ಮುಕ್ಕಾಲ," ಎಂದ. ಸುಮೇಧಾ ದಾನೇಶ್ವರಿಯನ್ನು ಮನೆಯ ತೂಕದ ಯಂತ್ರದ ಮೇಲೆ ಒಮ್ಮೆ ಬ್ಯಾಗಿನೊಂದಿಗೆ, ಒಮ್ಮೆ ಬ್ಯಾಗಿಲ್ಲದೆ ನಿಲ್ಲಿಸಿ ಕಳೆದು ನೋಡಿದರು. ಅಷ್ಟೇ ಇತ್ತು.

ಶನಿವಾರ ಬೆಳಿಗ್ಗೆ ಕಲ್ಯಾಣ ಸ್ಟೇಷನ್ನಿನಲ್ಲಿ ಮೇಡಂ ತೂಗಿದರು, ಕೈಯಲ್ಲಿದ್ದ ಪಟ್ಟಿಯಲ್ಲಿ ಗುರುತು ಹಾಕಿದರು, ಮುಂದೆ ಹೋಗು ಎಂದರು. ರೈಲು ಬಂತು. ಬಾಲಪ್ಪ ರೂಢಿಯಂತೆ ಬ್ಯಾಗಿಗೆ ಕೈ ಚಾಚಿದ.

"ರೆಹನೇ ದೋ ಪಪ್ಪಾ. ಭಾರೀ ನಹೀ ಹೈ," ಬಿಡಿ, ಭಾರವಿಲ್ಲ ಎಂದು ದಾನೇಶ್ವರಿ ಸೊಂಟದ ಪಟ್ಟಿ ಬಿಗಿದು, ನೆಟ್ಟಗೆ ನಡೆದು ಬೋಗಿ ಹತ್ತಿದಳು.

ರೈಲು ಹೋದಮೇಲೂ ಬಾಲಪ್ಪ ಅಲ್ಲೇ ನಿಂತಿದ್ದ. ಬರಿಗೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಕಣ್ಣು ತುಂಬಿತ್ತು, ಸಂತೋಷಕ್ಕೇ ತುಂಬಿತ್ತು.

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಿಂದಲೂ ಯಾರಾದರೂ ಬೆಟ್ಟಕ್ಕೆ ಹೊರಟಿರಬಹುದು. ಬ್ಯಾಗನ್ನು ತೂಗಿ, ಹೊರುವವರ ತೂಕದ ಐದನೇ ಒಂದು ಪಾಲಿನೊಳಗೆ ಇಡಿ. ನೀರು, ಔಷಧಿ, ಬೆಚ್ಚಗಿನ ಬಟ್ಟೆ ಬಿಡಬೇಡಿ. ಹಗುರದ ಸಾಮಾನು ಮನೆಯಲ್ಲಿಲ್ಲದಿದ್ದರೆ ಬೆಟ್ಟ ಹತ್ತಿದವರನ್ನು ಕೇಳಿ ಎರವಲು ತನ್ನಿ, ಬಾಡಿಗೆಗೂ ಸಿಗುತ್ತದೆ. ಕಳಿಸುವ ಮೊದಲು ನೀವೇ ಒಮ್ಮೆ ಹೊತ್ತು ಮೆಟ್ಟಿಲು ಹತ್ತಿ. ದಾನೇಶ್ವರಿಯ ಬ್ಯಾಗಿನಿಂದ ಹೊರಗೆ ಬಂದ ಏಳೂಮುಕ್ಕಾಲು ಕಿಲೋ ಅವಳದ್ದಾಗಿರಲಿಲ್ಲ, ಅವಳ ಅಪ್ಪ ಅಮ್ಮನ ಭಯದ್ದಾಗಿತ್ತು. ನಿಮ್ಮ ಭಯವನ್ನು ನೀವೇ ಇಟ್ಟುಕೊಳ್ಳಿ, ಮಕ್ಕಳ ಬೆನ್ನಿಗೆ ಕಟ್ಟಬೇಡಿ.