ಅಕ್ಕನಿಗೆ ಹಿಡಿಸಿದ ಜಾಗಗಳು

ಅಕ್ಕನನ್ನು ವಾಪಸು ಕರೆತರುವ ಕೆಲಸವನ್ನು ಮನೆಯವರೆಲ್ಲ ಸೇರಿ ತಮ್ಮನ ತಲೆಗೆ ಕಟ್ಟಿದ್ದರು. ಕಟ್ಟಿದ್ದರು ಅನ್ನುವುದಕ್ಕಿಂತ, ಅವನೇ ಮುಂದೆ ಬಿದ್ದು ಕಟ್ಟಿಸಿಕೊಂಡಿದ್ದ ಅನ್ನಬೇಕು. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನು. ಹೊರಟ ಬಸ್ಸು ಹೊತ್ತಿಗೆ ಸರಿಯಾಗಿ ಡಿಪೋ ಸೇರಲಿಲ್ಲ ಅಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅಕ್ಕನೋ, ನಿವೃತ್ತ ನರ್ಸುಗಳ ಪ್ರವಾಸ ಅಂತ ಹದಿನೈದು ದಿನಕ್ಕೆ ಸಮುದ್ರ ದಾಟಿ ಹೋದವಳು, ಗುಂಪಿನವರೆಲ್ಲ ಹಿಂತಿರುಗಿದ ಮೇಲೂ ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಉಳಿದುಬಿಟ್ಟಿದ್ದಳು. ಹದಿಮೂರು ತಿಂಗಳಾಗಿತ್ತು.

ಇತ್ತ ಮನೆಯಲ್ಲಿ ಕೆಲಸಗಳೆಲ್ಲ ಹಾಗೇ ನಿಂತಿದ್ದವು. ತಮ್ಮ ಡಿಪೋದ ಅಭ್ಯಾಸದಂತೆ ಗೆರೆ ಎಳೆದು ಒಂದು ಡ್ಯೂಟಿ ಚಾರ್ಟ್ ಬರೆದಿದ್ದ. ಮುಂದಿನ ತಿಂಗಳು ಅವನದೇ ಮಂಡಿ ಆಪರೇಷನ್. ಅದು ಮುಗಿಯುತ್ತಿದ್ದಂತೆ ತಂಗಿಯ ಮಗಳ ಬಾಣಂತನ. ಅಲ್ಲಿಂದ ಚಿಕ್ಕಪ್ಪನ ಕಣ್ಣಿನ ಪೊರೆ. ‘ಡ್ಯೂಟಿ ಮೇಲೆ’ ಅನ್ನುವ ಕಡೆ ಮೇಲಿಂದ ಕೆಳಗಿನವರೆಗೂ ಒಂದೇ ಪದ ಇತ್ತು: ಅಕ್ಕ. ‘ವಾರದ ರಜೆ’ ಅನ್ನುವ ಕಾಲಂ ಕೂಡ ಇತ್ತು. ಅದನ್ನು ತುಂಬುವುದು ಮರೆತುಹೋಗಿತ್ತು.

ಎರಡು ವಾಪಸು ಟಿಕೆಟ್ ಜೇಬಿನಲ್ಲಿಟ್ಟುಕೊಂಡು ತಮ್ಮ ಬಂದಿಳಿದ. ಊರು ನೋಡಿದರೆ ಅವನಿಗೆ ಮೈ ಉರಿಯಿತು. ಬೆಳಗ್ಗೆ ಎಂಟಕ್ಕೇ ಬೆವರು. ಬೀದಿ ತುಂಬ ದೇಶದೇಶದಿಂದ ಬಂದು ಬೀಡುಬಿಟ್ಟ ನಿವೃತ್ತರು, ಅರ್ಧ ಚಡ್ಡಿಯಲ್ಲಿ, ಬಿಸಿಲಿಗೆ ಮೂಗು ಸುಲಿಸಿಕೊಂಡು, ಎಲ್ಲಿಗೂ ಹೋಗಬೇಕಾಗಿಲ್ಲದವರ ನಡಿಗೆಯಲ್ಲಿ ಓಡಾಡುತ್ತಿದ್ದರು. ಇವರಿಗೆಲ್ಲ ಮನೆ ಮಠ ಇಲ್ಲವೇ ಅಂದುಕೊಂಡ.

“ಊರಿಗೆ ಹೋಗೋ ವಿಷಯ ಆಮೇಲೆ ಮಾತಾಡೋಣ,” ಅಂದಳು ಅಕ್ಕ. “ಮೊದ್ಲು ನನಗೆ ಹಿಡಿಸಿದ ಜಾಗಗಳನ್ನ ತೋರಿಸ್ತೀನಿ ಬಾ.”

ಸಮುದ್ರವೋ, ಜಲಪಾತವೋ, ಗುಡ್ಡದ ಮೇಲಿನ ಯಾವುದೋ ದೃಶ್ಯವೋ ಇರಬೇಕು ಅಂತ ತಮ್ಮ ಹೊಸ ಶೂ ಹಾಕಿಕೊಂಡು ಹೊರಟ. ಅಕ್ಕ ಅವನನ್ನು ಕರೆದುಕೊಂಡು ಹೋದದ್ದು ಒಂದು ಪೀಠೋಪಕರಣದ ಅಂಗಡಿಗೆ. ಎರಡನೇ ಮಹಡಿ, ಕಿಟಕಿ ಪಕ್ಕ, ಕಂದು ಬಣ್ಣದ ಒರಗುಕುರ್ಚಿ. ಅಕ್ಕ ಅದರಲ್ಲಿ ಕೂತು, ಪಕ್ಕದ ಹಿಡಿಕೆ ಎಳೆದು, ಕಾಲು ಮೇಲೆತ್ತಿಕೊಂಡಳು. ಮಾರಾಟದ ಹುಡುಗಿ ಕುಡಿಯಲು ನೀರು ತಂದುಕೊಟ್ಟಳು.

“ತಗೋತೀಯಾ ಇದನ್ನ?” ತಮ್ಮ ಕೇಳಿದ.

“ಯಾಕೆ ತಗೋಬೇಕು? ಇಲ್ಲೇ ಇದೆಯಲ್ಲ.”

ಎರಡನೆಯ ಜಾಗ ಒಂದು ಲಾಂಡ್ರಿ. ಒಗೆಯುವ ಯಂತ್ರಗಳ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಯಾರದೋ ಬಟ್ಟೆಗಳು ಗಾಜಿನೊಳಗೆ ಗಿರಗಿರ ತಿರುಗುವುದನ್ನು ಅಕ್ಕ ಮುಕ್ಕಾಲು ಗಂಟೆ ನೋಡಿದಳು. ಮೂರನೆಯದು ಹಲ್ಲಿನ ಡಾಕ್ಟರ ಕಾಯುವ ಕೋಣೆ. ಅಲ್ಲಿ ಮೀನಿನ ತೊಟ್ಟಿ ಇತ್ತು, ಮೆತ್ತನೆಯ ಸೋಫಾ ಇತ್ತು, ಹಳೇ ಪತ್ರಿಕೆಗಳಿದ್ದವು. ಅಕ್ಕನಿಗೆ ಇಲ್ಲದೇ ಇದ್ದದ್ದು ಹಲ್ಲುನೋವು ಮಾತ್ರ. ಡಾಕ್ಟರು ಬಾಗಿಲು ತೆರೆದು “ಮುಂದಿನವರು” ಅಂದಾಗಲೆಲ್ಲ ಅಕ್ಕ ಗಂಭೀರವಾಗಿ ಪಕ್ಕದವರ ಕಡೆ ಕೈ ತೋರಿಸುತ್ತಿದ್ದಳು. ಕೊನೆಗೆ ಕೈ ತೋರಿಸಲು ತಮ್ಮ ಒಬ್ಬನೇ ಉಳಿದು, ಮರ್ಯಾದೆಗೆ ಅಂಜಿ ಒಳಗೆ ಹೋಗಿ, ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದ.

ಇವಳಿಗೆ ಬಿಸಿಲು ನೆತ್ತಿಗೇರಿದೆ, ಇನ್ನು ತಡ ಮಾಡುವಂತಿಲ್ಲ ಅಂತ ಅವನು ತೀರ್ಮಾನಿಸಿದ.

ಮೂರನೆಯ ದಿನ ಅಕ್ಕ ಅಂದಳು: “ಇಲ್ಲಿರೋಕೆ ಕೊಟ್ಟಿರೋ ನನ್ನ ಪರ್ಮಿಟ್ ಇವತ್ತಿಗೆ ಮುಗಿಯುತ್ತೆ. ಮೂರು ತಿಂಗಳು ಮುಂದಕ್ಕೆ ಹಾಕಿಸಿಕೊಂಡು ಬರೋಣ ನಡಿ. ಆ ಆಫೀಸೂ ನನಗೆ ಹಿಡಿಸಿದ ಜಾಗಾನೇ.”

“ಹಾಕಿಸದಿದ್ರೆ?”

“ನಾಳೆ ವಿಮಾನ ಹತ್ತಬೇಕು ಅಷ್ಟೆ. ಇಲ್ಲಿ ಒಂದು ದಿನಾನೂ ಹೆಚ್ಚಿಗೆ ಬಿಡಲ್ಲ.”

ನಾಳಿನ ಟಿಕೆಟ್ ತಮ್ಮನ ಜೇಬಿನಲ್ಲೇ ಇತ್ತು. ಆಫೀಸಿನವರು ಏನಾದರೂ ತಕರಾರು ತೆಗೆಯಲಿ ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹಾರೈಸಿಕೊಂಡು ಬಂದ.

ಆ ಆಫೀಸಿನಲ್ಲಿ ದಿನಕ್ಕೆ ಎಂಬತ್ತೇ ಟೋಕನ್. ಬಾಗಿಲ ಬಳಿಯ ಯಂತ್ರದ ಗುಂಡಿ ಒತ್ತಿದರೆ ಒಬ್ಬರಿಗೆ ಒಂದು ಚೀಟಿ ಬರುತ್ತದೆ. ಹತ್ತು ಗಂಟೆಯೊಳಗೆ ಎಲ್ಲ ಖಾಲಿ. ಆ ಊರಿನಲ್ಲಿ ಬಹಳ ದಿನದಿಂದ ಇರುವ ಹೊರಗಿನವರಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಇರಲಿ ಇಲ್ಲದಿರಲಿ, ಬೆಳಗ್ಗೆ ಬಂದು ಒಂದು ಟೋಕನ್ ತೆಗೆದಿಟ್ಟುಕೊಂಡು, ತಡವಾಗಿ ಓಡಿ ಬಂದು ಕಂಗಾಲಾಗಿ ನಿಂತವರಿಗೆ ಕೊಟ್ಟುಬಿಡುವುದು. ಮಿಕ್ಕವರು ವಾರಕ್ಕೊಮ್ಮೆ ಬಂದರೆ ಅಕ್ಕ ದಿನ ಬಿಟ್ಟು ದಿನ ಬರುತ್ತಿದ್ದಳು. ಕಾವಲುಗಾರನಿಂದ ಹಿಡಿದು ಎಲ್ಲರೂ ಅವಳನ್ನು ‘ಟೋಕನ್ ಅಕ್ಕ’ ಅಂತಲೇ ಕರೆಯುತ್ತಿದ್ದರು. ಮೂರನೇ ಸಾಲಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗೆ ಬೇರೆ ಯಾರೂ ಹೋಗುತ್ತಿರಲಿಲ್ಲ.

ಅಕ್ಕನಿಗೆ ನಲವತ್ತೊಂದನೇ ನಂಬರ್ ಬಂತು. “ನೀನೂ ಒತ್ತು, ಯಾರಿಗಾದ್ರೂ ಆಗುತ್ತೆ,” ಅಂದಳು. ತಮ್ಮ ಒಲ್ಲದ ಮನಸ್ಸಿನಿಂದ ಒತ್ತಿದ. ನಲವತ್ತೆರಡು.

ಹತ್ತೂವರೆಗೆ, ಕಂಕುಳಲ್ಲಿ ಮಗು, ಕೈಯಲ್ಲಿ ಕಾಗದದ ಕಂತೆ ಹಿಡಿದುಕೊಂಡು ಒಬ್ಬ ಹೆಂಗಸು ಏದುಸಿರು ಬಿಡುತ್ತ ಒಳಗೆ ಬಂದಳು. ಯಂತ್ರದ ಮೇಲೆ ಆಗಲೇ ಬಟ್ಟೆ ಹೊದಿಸಿದ್ದರು. ಅವಳ ಮುಖ ಸಣ್ಣದಾಯಿತು. ಅಕ್ಕ ಕೂತಲ್ಲಿಂದಲೇ ಕೈ ಚಾಚಿ, ಪಕ್ಕದ ಮನೆಗೆ ಹೆಪ್ಪು ಕೊಡುವಷ್ಟು ಸಲೀಸಾಗಿ, ನಲವತ್ತೊಂದನ್ನು ಕೊಟ್ಟುಬಿಟ್ಟಳು. ಆ ಹೆಂಗಸು ಮುಂದಿನ ಸಾಲಿಗೆ ಹೋಗಿ ಕೂತು ಮಗುವಿಗೆ ಹಾಲಿನ ಬಾಟಲಿ ಕೊಟ್ಟ ಮೇಲೆಯೇ ಅಕ್ಕನಿಗೆ ತಾನೇನು ಮಾಡಿದೆ ಅನ್ನುವುದು ಹೊಳೆದದ್ದು.

“ಅಯ್ಯೋ, ಇವತ್ತು ನನ್ನದೇ ಕೆಲಸ ಇತ್ತಲ್ಲ,” ಅಂದಳು.

“ವಾಪಸ್ ಕೇಳು.”

“ಕೊಟ್ಟಿದ್ದನ್ನ ಕೇಳ್ತಾರೇನೋ?”

ಬೋರ್ಡಿನಲ್ಲಿ ಮೂವತ್ತಾರು ಅಂತ ಬಂತು. ತಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಜಗಳವಿಲ್ಲ, ಕಣ್ಣೀರಿಲ್ಲ, ಅಕ್ಕ ತಾನಾಗಿಯೇ ದಾರಿಗೆ ಬಂದಿದ್ದಳು. ಅವನು ಜೇಬಿನಲ್ಲಿದ್ದ ತನ್ನ ಚೀಟಿಯನ್ನು ಇನ್ನಷ್ಟು ಕೆಳಕ್ಕೆ ತಳ್ಳಿದ. ಅಕ್ಕ ಈಗ ಕೇಳುತ್ತಾಳೆ, ಕೇಳಲಿ, ಆಗ ಮನೆ, ಕರ್ತವ್ಯ, ರಕ್ತಸಂಬಂಧ ಅಂತ ವಿಮಾನದಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸುವುದು ಅಂತ ಗಂಟಲು ಸರಿಮಾಡಿಕೊಂಡು ಕಾದ.

ಮೂವತ್ತೇಳು. ಮೂವತ್ತೆಂಟು.

ಅಕ್ಕ ಕೇಳಲಿಲ್ಲ. ಗುಂಡಿ ಒತ್ತಿಸಿದ್ದೇ ಅವಳು, ಚೀಟಿ ಇರುವುದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಫ್ಯಾನಿನ ಗಾಳಿಗೆ ಮುಖ ಒಡ್ಡಿ, ಚಪ್ಪಲಿ ಬಿಟ್ಟು, ಕಾಲುಬೆರಳು ಅಗಲಿಸಿಕೊಂಡು ಸುಮ್ಮನೆ ಕೂತಿದ್ದಳು.

ತಡೆಯಲಾಗದೆ ತಮ್ಮನೇ ಬಾಯಿಬಿಟ್ಟ. “ಅಲ್ಲಕ್ಕ, ಅಂಗಡಿ, ಲಾಂಡ್ರಿ, ಹಲ್ಲಿನ ಡಾಕ್ಟ್ರು, ಈ ಆಫೀಸು. ಇಷ್ಟು ದೂರ ಬಂದು ಇವೆಲ್ಲ ಎಂಥ ಜಾಗ? ಇದರಲ್ಲಿ ಏನಿದೆ ಅಂತ?”

“ಕುರ್ಚಿ ಇದೆ,” ಅಂದಳು ಅಕ್ಕ. “ಕೂತ್ಕೊಂಡ್ರೆ ಯಾರೂ ಎಬ್ಬಿಸಲ್ಲ.”

“ಮನೇಲಿ ಕುರ್ಚಿ ಇಲ್ವಾ?”

“ಇದೆ. ಅಲ್ಲಿ ನಾನು ಕೂತಿದ್ದನ್ನ ನೀನು ಯಾವತ್ತಾದ್ರೂ ನೋಡಿದೀಯಾ?”

ಕೋಪವಿರಲಿಲ್ಲ ಮಾತಿನಲ್ಲಿ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು. ತಮ್ಮ ಉತ್ತರ ಕೊಡಲು ಬಾಯಿ ತೆರೆದ. ನೋಡಿಲ್ಲದೆ ಏನು, ಅರವತ್ತು ವರ್ಷದಲ್ಲಿ ಒಂದು ಸಲವಾದರೂ ನೋಡಿರಲೇಬೇಕು. ಅವನ ಮದುವೆಯಲ್ಲಿ? ಅಲ್ಲಿ ಅವಳು ಬಡಿಸುತ್ತಿದ್ದಳು. ಅಪ್ಪ ಹಾಸಿಗೆ ಹಿಡಿದಿದ್ದಾಗ? ಮಂಚದ ಪಕ್ಕ ನಿಂತಿದ್ದಳು. ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಆಪರೇಷನ್ ಥಿಯೇಟರಿನ ನರ್ಸು, ಅಲ್ಲಂತೂ ನಿಲ್ಲುವುದೇ ಕೆಲಸ. ಅವನ ಮಗ ಹುಟ್ಟಿದ ವಾರ, ಎಲ್ಲರೂ ಸೇರಿ ತೆಗೆಸಿದ ಫೋಟೋದಲ್ಲಿ? ಅದರಲ್ಲಿ ಅಕ್ಕ ಇಲ್ಲವೇ ಇಲ್ಲ, ಒಳಗೆ ನೀರು ಕಾಯಿಸುತ್ತಿದ್ದಳು. ಯಾವ ಬಸ್ಸು ಯಾವ ದಿನ ಎಷ್ಟು ನಿಮಿಷ ತಡವಾಗಿ ಬಂತು ಅಂತ ಇವತ್ತಿಗೂ ಹೇಳಬಲ್ಲವನಿಗೆ, ತನ್ನ ಅಕ್ಕ ಊರಿನಲ್ಲಿ ಕೂತ ಒಂದು ದಿನ ನೆನಪಿಗೆ ಬರಲಿಲ್ಲ. ಅವನಿಗೆ ನಾಚಿಕೆಯಾಯಿತು.

ನಲವತ್ತು. ನಲವತ್ತೊಂದು. ಮಗುವಿನ ತಾಯಿ ಎದ್ದು ಹೋದಳು.

“ಆಯ್ತು ಬಿಡು,” ಅಕ್ಕ ಚಪ್ಪಲಿಗೆ ಕಾಲು ತುರುಕತೊಡಗಿದಳು. “ಹೋಗಿ ಪೆಟ್ಟಿಗೆ ಕಟ್ಟೋಣ. ನಿನ್ನ ಮಂಡಿ ಯಾವಾಗ, ಒಂಬತ್ತನೇ ತಾರೀಕಾ?”

ಅಷ್ಟರಲ್ಲಿ ನಲವತ್ತೆರಡು ಬಂತು.

“ನೀನು ಕೂತ್ಕೋ,” ಅಂದ ತಮ್ಮ. ಅವಳ ಮಡಿಲಲ್ಲಿದ್ದ ಅರ್ಜಿಯನ್ನು ಕಿತ್ತುಕೊಂಡು, ನೋಯುವ ಮಂಡಿ ಹಿಡಿದು ಎದ್ದು, ಕುಂಟುತ್ತ ಕೌಂಟರಿಗೆ ಹೋದ.

ಗಾಜಿನ ಹಿಂದೆ ಕೂತಿದ್ದ ಗುಮಾಸ್ತೆ ಅರ್ಜಿ ತಿರುವಿ ನೋಡಿದಳು. “ಇವರು ಪ್ರತಿ ಸಲಾನೂ ಒಂದು ಕಾಲಂ ಖಾಲಿ ಬಿಡ್ತಾರೆ. ಉಳಿದುಕೊಳ್ಳೋ ಉದ್ದೇಶ ಏನು? ಪ್ರವಾಸ, ವಿದ್ಯಾಭ್ಯಾಸ, ಚಿಕಿತ್ಸೆ, ಬಂಧುಗಳ ಆರೈಕೆ. ಯಾವುದಕ್ಕೆ ಗುರುತು ಹಾಕ್ಲಿ?”

“ಯಾವುದೂ ಅಲ್ಲ. ಕೊನೇದಂತೂ ಅಲ್ವೇ ಅಲ್ಲ.”

“ಮತ್ತೆ?”

“ಕೆಳಗೆ ‘ಇತರೆ’ ಅಂತ ಇರುತ್ತೆ ನೋಡಿ. ‘ಇತರೆ’ ಇಲ್ಲದ ಫಾರಂ ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ.”

ಇತ್ತು. ತಮ್ಮ ಪೆನ್ನು ಕೇಳಿ ತೆಗೆದುಕೊಂಡು, ಡಿಪೋದ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ದುಂಡನೆಯ ಅಕ್ಷರದಲ್ಲಿ, ತನಗೆ ಬರುವ ಇಂಗ್ಲಿಷಿನಲ್ಲಿ ಬರೆದ: ಕೂತುಕೊಳ್ಳುವುದಕ್ಕೆ. ಗುಮಾಸ್ತೆ ಅದನ್ನು ಓದಿದಳು. ಕತ್ತು ಚಾಚಿ ಮೂರನೇ ಸಾಲಿನ ಕಡೆ ನೋಡಿದಳು. ಮೊಹರಿಗೆ ಕೈ ಹಾಕಿದಳು.

“ಸಹಿ ಬೇಕು. ಅವರನ್ನ ಇಲ್ಲಿಗೆ ಕರೀರಿ.”

“ಕರೆಯೋದಿಲ್ಲ,” ಅಂದ ತಮ್ಮ. ಅರ್ಜಿಯನ್ನೂ ಪೆನ್ನನ್ನೂ ಎತ್ತಿಕೊಂಡು, ಹಿಂದಿನಿಂದ ಗುಮಾಸ್ತೆ “ಸರ್, ಪೆನ್ನು” ಅನ್ನುತ್ತಿದ್ದರೂ ಕೇಳದವನಂತೆ ಮೂರನೇ ಸಾಲಿಗೆ ನಡೆದ. ಅವನು ಬರುವುದನ್ನು ಕಂಡು ಅಕ್ಕ ಎಂದಿನಂತೆ ಅರ್ಧ ಎದ್ದಿದ್ದಳು.

“ಏಳ್ಬೇಡ,” ಅಂದ ತಮ್ಮ. “ಕೂತಲ್ಲೇ ಹಾಕು.”

“ನಿನ್ನ ಮಂಡಿ ಕಥೆ ಏನೋ ಮತ್ತೆ?”

“ಆಸ್ಪತ್ರೇಲಿ ನರ್ಸುಗಳು ಇರ್ತಾರಂತೆ ಅಕ್ಕ. ಸಂಬಳಾನೂ ತಗೋತಾರಂತೆ.”

ಅಕ್ಕ ಅವನ ಮುಖವನ್ನೊಮ್ಮೆ ನೋಡಿದಳು. ಕಣ್ಣು ತುಂಬಿತ್ತು, ನಗುವೂ ಬಂದಿತ್ತು. ಬ್ಯಾಗಿನ ಮೇಲೆ ಅರ್ಜಿ ಇಟ್ಟುಕೊಂಡು, ಕುರ್ಚಿಗೆ ಪೂರ್ತಿ ಒರಗಿ, ನಿಧಾನವಾಗಿ ಸಹಿ ಹಾಕಿದಳು. ತಮ್ಮ ಪಕ್ಕದಲ್ಲಿ ನಿಂತು ಕಾದ.